ಒಂದು ಭಾನುವಾರಕ್ಕೆ ಒಂದೇ ಮಾತು

ಕಲಾಸಿಪಾಳ್ಯಕ್ಕೆ ಭಾನುವಾರದ ರಜಾ ಗೊತ್ತಿಲ್ಲ. ಬೆಳಕು ಹರಿಯುವ ಮುಂಚೆಯೇ ತರಕಾರಿ ಮಂಡಿಗಳ ಮುಂದೆ ಲಾರಿ ನಿಂತಿರುತ್ತೆ. ಕೋಸಿನ ಮೂಟೆ, ಟೊಮೇಟೊ ಕ್ರೇಟು ಇಳಿಯುತ್ತಿರುತ್ತವೆ. ಟ್ರಾನ್ಸ್‌ಪೋರ್ಟ್ ಆಫೀಸುಗಳ ಷಟರು ಅರ್ಧ ಎದ್ದಿರುತ್ತೆ. ಆನೇಕಲ್, ಕನಕಪುರ ಅಂತ ಕಂಡಕ್ಟರುಗಳ ಕೂಗು. ಈ ಗಲಾಟೆ ಮಧ್ಯೆ ಇಸ್ತ್ರಿ ಮಾಡಿದ ಷರಟು ತೊಟ್ಟು, ಕಂಕುಳಲ್ಲಿ ಕಪ್ಪು ರಟ್ಟಿನ ಪುಸ್ತಕ ಇಟ್ಟುಕೊಂಡು, ಮಕ್ಕಳ ಕೈ ಹಿಡಿದು, ಕೊಚ್ಚೆ ದಾಟಿಕೊಂಡು ಹೋಗುವ ಕೆಲವು ಸಂಸಾರಗಳನ್ನು ನೀವು ನೋಡಿರಬಹುದು. ಕೆಲವರು ಅವೆನ್ಯೂ ರೋಡಿನ ಕಡೆ, ಕೆಲವರು ಕಾರ್ಪೊರೇಷನ್ ಕಡೆ, ಮತ್ತೆ ಕೆಲವರು ಚಾಮರಾಜಪೇಟೆ ಕಡೆ. ಎಲ್ಲರೂ ಚರ್ಚಿಗೆ.

ಮಧ್ಯಾಹ್ನ ಅದೇ ಸಂಸಾರಗಳು ಅದೇ ದಾರಿಯಲ್ಲಿ ವಾಪಸ್ಸು ಬರುತ್ತವೆ. ಆಗ ಯಾರನ್ನಾದರೂ ತಡೆದು "ಇವತ್ತು ಅಯ್ಯನವರು ಏನು ಹೇಳಿದ್ರು?" ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಹೇಳೋದು ಒಂದೇ: "ಚೆನ್ನಾಗಿ ಹೇಳಿದ್ರು." ಏನು ಹೇಳಿದ್ರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಒಂದೂವರೆ ಗಂಟೆಯಲ್ಲಿ ನಾಲ್ಕೈದು ಹಾಡು, ಮೂರು ಪಾಠ, ಒಂದು ಕೀರ್ತನೆ, ಒಂದು ಪ್ರಸಂಗ, ಉದ್ದನೆಯ ಪ್ರಾರ್ಥನೆ, ಅದರ ಮೇಲೆ ಪ್ರಕಟಣೆಗಳು. ಒಂದೊಂದೂ ಒಂದೊಂದು ದಿಕ್ಕಿಗೆ ಎಳೆದರೆ, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗಾಗುತ್ತೆ. ಕೇಳಿದವನ ಜೇಬಿನಲ್ಲಿ ಏನೂ ಉಳಿಯೋಲ್ಲ.

ಇದಕ್ಕೆ ಮದ್ದು ಹುಡುಕಿದವರು ಇದ್ದಾರೆ. ಭಾನುವಾರಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ, ಹಾಡಿನಿಂದ ಹಿಡಿದು ಮಕ್ಕಳ ಸಂಡೇ ಸ್ಕೂಲಿನವರೆಗೆ ಎಲ್ಲವೂ ಅದರ ಸುತ್ತಲೇ ತಿರುಗಲಿ ಅನ್ನೋದು ಆ ಮದ್ದು. ಕೇಳೋದಕ್ಕೆ ಸುಲಭ. ಆದರೆ ಇದರ ಹಿಂದೆ ನೂರೈವತ್ತು ವರ್ಷದ ಜಗಳ ಇದೆ. ಅದರಲ್ಲಿ ನಮ್ಮ ಪೇಟೆಯ ಪಾಲೂ ಉಂಟು.

ಮೂರು ಚರ್ಚು, ಮೂರು ದಾರಿ

ಕಲಾಸಿಪಾಳ್ಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ಹಳೆಯ ಚರ್ಚುಗಳಿವೆ. ಅವೆನ್ಯೂ ರೋಡಿನ ಪುಸ್ತಕದಂಗಡಿ, ಪಾತ್ರೆ ಅಂಗಡಿಗಳ ನಡುವೆ ರೈಸ್ ಮೆಮೋರಿಯಲ್. ಇದು ಲಂಡನ್ ಮಿಷನ್‌ನವರದ್ದು. ಮೊದಲು ಇಲ್ಲಿ ಅವರ ಕನ್ನಡ ಚಾಪೆಲ್ ಇತ್ತು. ಪೇಟೆಯಲ್ಲಿ ಶಾಲೆಗಳಿಗಾಗಿ ದುಡಿದ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರ ಹೆಸರು ಇದಕ್ಕಿದೆ. ಶಾಸನಗಳ ರೈಸ್ ಅಂತ ನಾವೆಲ್ಲ ಕೇಳಿರುವ ಬಿ. ಎಲ್. ರೈಸ್ ಇವರ ಮಗನೇ. ಎರಡನೆಯದು ಕಾರ್ಪೊರೇಷನ್ ಹತ್ತಿರದ ಹಡ್ಸನ್ ಮೆಮೋರಿಯಲ್, 1904ರದ್ದು. ಇದು ವೆಸ್ಲಿಯನ್, ಅಂದರೆ ಮೆಥೊಡಿಸ್ಟ್ ಮಿಷನ್‌ನವರದ್ದು. ಕನ್ನಡ ಶಾಲೆಗಳಿಗೆ ದುಡಿದ ಜೊಸಾಯ ಹಡ್ಸನ್ ಹೆಸರಿನದ್ದು. ದಿನಾ ಬಸ್ಸಿನಲ್ಲಿ "ಹಡ್ಸನ್ ಸರ್ಕಲ್" ಅಂತ ಟಿಕೆಟ್ ಕೇಳುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾರದ್ದೆಂದು ಗೊತ್ತೋ! ಮೂರನೆಯದು ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್. ಕೋಟೆಯೊಳಗೆ ಇಂಗ್ಲಿಷ್ ದಂಡಿನವರಿಗೆ ಇದ್ದ ಹಳೆಯ ಕೋಟೆ ಚರ್ಚಿನ ಬದಲಿಗೆ ಕಟ್ಟಿದ್ದು. ಇದು ಆಂಗ್ಲಿಕನ್ನರ ದಾರಿಯದ್ದು.

ಮೂರೂ ಒಂದೇ ಧರ್ಮವಾದರೂ ಭಾನುವಾರ ನಡೆಸುವ ರೀತಿ ಬೇರೆ ಬೇರೆ. ಆಂಗ್ಲಿಕನ್ನರಿಗೆ 1662ರ ಪ್ರಾರ್ಥನಾ ಪುಸ್ತಕ. ವರ್ಷದ ಪ್ರತಿ ಭಾನುವಾರಕ್ಕೂ ಇಂಥದೇ ಪ್ರಾರ್ಥನೆ, ಇಂಥದೇ ಪತ್ರಿಕೆಯ ಪಾಠ, ಇಂಥದೇ ಸುವಾರ್ತೆ ಅಂತ ಅಚ್ಚಾಗಿದೆ. ಲಂಡನ್ ಮಿಷನ್‌ನವರ ಪದ್ಧತಿ ಇದಕ್ಕೆ ತದ್ವಿರುದ್ಧ. ಅಚ್ಚಾದ ಪಟ್ಟಿ ಅವರಿಗೆ ಆಗದು. ಪಾದ್ರಿಯ ಮನಸ್ಸಿಗೆ ಯಾವ ವಾಕ್ಯ ಬಂತೋ ಅದರ ಮೇಲೆ ಪ್ರಸಂಗ. ಮೆಥೊಡಿಸ್ಟರು ಮಧ್ಯದವರು. ಅವರಿಗೆ ಹಾಡೇ ಪ್ರಾಣ. ಹೀಗೆ ಒಂದೇ ಭಾನುವಾರ ಒಂದು ಕಡೆ ಮೋಶೆಯ ಕಥೆ, ಇನ್ನೊಂದು ಕಡೆ ಕಡೇ ದಿನದ ತೀರ್ಪು, ಮತ್ತೊಂದು ಕಡೆ ದ್ರಾಕ್ಷಿತೋಟದ ಕೂಲಿ. ಊರಿಗೊಂದು ದಾರಿ, ಪೋರನಿಗೊಂದು ದಾರಿ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಾಗಿತ್ತು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಈ ದಾರಿಗಳು ಕೂಡಿದವು. ಆಂಗ್ಲಿಕನ್ನರು, ಮೆಥೊಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳವರು ಸೇರಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಆಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯೋದಕ್ಕೆ ಇಪ್ಪತ್ತೆಂಟು ವರ್ಷ ಹಿಡಿದಿತ್ತು. ಬಿಷಪ್ ಯಾರು, ಆಸ್ತಿ ಯಾರದ್ದು ಅನ್ನೋದೆಲ್ಲ ಕಾಗದದ ಮೇಲೆ ಬಗೆಹರಿಯಿತು. ಆದರೆ ಭಾನುವಾರ ಬೆಳಿಗ್ಗೆ ಬೆಂಚಿನ ಮೇಲೆ ಕೂತ ಮನುಷ್ಯನಿಗೆ ತಾವು ಒಂದಾದದ್ದು ತಿಳಿಯೋದು ಹೇಗೆ?

ಅದಕ್ಕೆ ಒಂದು ಪುಸ್ತಕ ಬೇಕಾಯಿತು. 1963ರಲ್ಲಿ ಸಿ.ಎಸ್.ಐ. ತನ್ನದೇ ಸಾಮಾನ್ಯ ಆರಾಧನಾ ಪುಸ್ತಕ ಅಚ್ಚು ಹಾಕಿಸಿತು. ಜೊತೆಗೆ ವರ್ಷ ವರ್ಷದ ಆಲ್ಮನಾಕ್. ನಮ್ಮ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಹೇಗೋ ಅವರ ಮನೆಗಳಲ್ಲಿ ಅದು ಹಾಗೆ. ಅದರಲ್ಲಿ ಪ್ರತಿ ಭಾನುವಾರದ ಎದುರಿಗೆ ಒಂದು ವಿಷಯ ಇರುತ್ತೆ. ಅದಕ್ಕೆ ಹೊಂದುವಂತೆ ಹಳೇ ಒಡಂಬಡಿಕೆಯಿಂದ ಒಂದು ಪಾಠ, ಪತ್ರಿಕೆಗಳಿಂದ ಒಂದು, ಸುವಾರ್ತೆಯಿಂದ ಒಂದು, ಒಂದು ಕೀರ್ತನೆ. ಅವೆನ್ಯೂ ರೋಡಿನಲ್ಲಿ ಆ ದಿನ ಏನು ವಿಷಯವೋ ಹಡ್ಸನ್‌ನಲ್ಲೂ ಅದೇ, ಚಾಮರಾಜಪೇಟೆಯಲ್ಲೂ ಅದೇ. ಅಷ್ಟೇ ಅಲ್ಲ, ತಮಿಳರಲ್ಲಿ, ತೆಲುಗರಲ್ಲಿ, ಮಲಯಾಳಿಗಳಲ್ಲಿ ಅದೇ. ಸಮುದ್ರದ ಆಚೆ ಸಿಂಹಳದ ಜಾಫ್ನಾ ಕೂಡ ಈ ಸಭೆಗೆ ಸೇರಿದ್ದರಿಂದ ಅಲ್ಲೂ ಅದೇ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡ ಆರಾಧನೆಗೆ, ಮೊಮ್ಮಗ ಇಂಗ್ಲಿಷ್ ಆರಾಧನೆಗೆ ಹೋಗಿ ಬಂದರೂ ಊಟಕ್ಕೆ ಕೂತಾಗ ಇಬ್ಬರ ಹತ್ತಿರ ಒಂದೇ ವಿಷಯ ಇರುತ್ತೆ. ಈ ಸಭೆಯಲ್ಲಿ ಒಳಜಗಳ, ಚುನಾವಣೆ ರಂಪ, ಕೋರ್ಟು ಕಚೇರಿ ಏನೂ ಕಡಿಮೆ ಇಲ್ಲ. ಆದರೂ ಭಾನುವಾರದ ವಿಷಯ ಮಾತ್ರ ಒಂದೇ ಆಗಿ ಉಳಿದಿದೆ. ಅದು ಸಣ್ಣ ಮಾತೇನಲ್ಲ.

ಮಂಡಿ ವ್ಯಾಪಾರಿ ಹಚ್ಚಿದ ಕಿಡಿ

ಮಕ್ಕಳ ಪಾಠದ ಕಥೆ ಇದಕ್ಕಿಂತ ಹಳೆಯದು. ನಮ್ಮ ಮಾರ್ಕೆಟ್ ಜನಕ್ಕೆ ಹಿಡಿಸುವಂಥದ್ದು.

ಅಮೆರಿಕದ ಷಿಕಾಗೋದಲ್ಲಿ ಬಿ. ಎಫ್. ಜೇಕಬ್ಸ್ ಅಂತ ಒಬ್ಬರಿದ್ದರು. ಪಾದ್ರಿಯಲ್ಲ, ಪಂಡಿತರಲ್ಲ. ರೈತರ ಮಾಲು ಹಿಡಿದು ಮಾರುವ ವ್ಯಾಪಾರಿ. ನಮ್ಮ ಮಾತಿನಲ್ಲಿ ಮಂಡಿ ಸಾಹುಕಾರರು ಅನ್ನಿ. ಆಗ ಸಂಡೇ ಸ್ಕೂಲುಗಳಲ್ಲಿ ಕ್ಲಾಸಿಗೊಂದು ಪಾಠ, ಮೇಷ್ಟರಿಗೊಂದು ಪುಸ್ತಕ. ಅಣ್ಣ ಕಲಿತದ್ದು ತಂಗಿಗೆ ಗೊತ್ತಿಲ್ಲ, ಮಗ ಕಲಿತದ್ದು ಅಪ್ಪನಿಗೆ ಗೊತ್ತಿಲ್ಲ. ಜೇಕಬ್ಸ್ ಹಠ ಹಿಡಿದದ್ದು ಒಂದೇ ಮಾತಿಗೆ: ದೇಶಕ್ಕೆಲ್ಲ ಒಂದು ಭಾನುವಾರ ಒಂದೇ ಪಾಠ ಇರಲಿ, ಚಿಕ್ಕವರಿಗೂ ದೊಡ್ಡವರಿಗೂ. ದೊಡ್ಡ ದೊಡ್ಡ ಶಿಕ್ಷಣತಜ್ಞರು ಆಗೋಲ್ಲ ಅಂದರು. ಪಾಠಪುಸ್ತಕ ಅಚ್ಚು ಹಾಕುವವರು ಗೊಣಗಿದರು. ಕೊನೆಗೆ 1872ರಲ್ಲಿ ಇಂಡಿಯಾನಾಪೊಲಿಸ್ ಸಮ್ಮೇಳನದಲ್ಲಿ ಸಾಹುಕಾರರದ್ದೇ ಗೆದ್ದಿತು. ಐದು ಜನ ಪಾದ್ರಿಗಳು, ಐದು ಜನ ಸಾಮಾನ್ಯರ ಸಮಿತಿ ಕೂತು ಏಳು ವರ್ಷದಲ್ಲಿ ಬೈಬಲ್ ಸುತ್ತಿ ಬರುವ ಪಟ್ಟಿ ಮಾಡಿತು.

ಮುಂದಿನ ವರ್ಷದಿಂದ ಆದದ್ದು ವ್ಯಾಪಾರಿಯ ಲೆಕ್ಕಾಚಾರದಂತೆಯೇ. ಎಲ್ಲರಿಗೂ ಒಂದೇ ಪಾಠವಾದ್ದರಿಂದ ಟಿಪ್ಪಣಿ ಅಚ್ಚು ಹಾಕೋದು ಅಗ್ಗವಾಯಿತು. ಪತ್ರಿಕೆಗಳು ಆ ವಾರದ ಪಾಠಕ್ಕೆ ಜಾಗ ಕೊಟ್ಟವು. ಬೇರೆ ಬೇರೆ ಪಂಗಡದ ಸಂಡೇ ಸ್ಕೂಲ್ ಮೇಷ್ಟರುಗಳು ವಾರದ ಮಧ್ಯೆ ಒಂದೇ ಕಡೆ ಸೇರಿ ಪಾಠ ತಯಾರು ಮಾಡಿಕೊಳ್ಳುವ ಹಾಗಾಯಿತು. ನಾಲ್ಕೇ ವರ್ಷದಲ್ಲಿ, 1876ರಲ್ಲಿ, ನಮ್ಮ ದೇಶದ ಅಲಹಾಬಾದಿನಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು.

ಆದರೆ ಗೊಣಗಿದವರ ಮಾತೂ ಸುಳ್ಳಾಗಿರಲಿಲ್ಲ. ಐದು ವರ್ಷದ ಕೂಸಿಗೂ ಐವತ್ತು ವರ್ಷದ ಯಜಮಾನನಿಗೂ ಒಂದೇ ಪಾಠ ಅಂದರೆ ಹೇಗೆ ಸ್ವಾಮಿ? ಒಂದೇ ಅಳತೆಯ ಚಪ್ಪಲಿ ಎಲ್ಲರ ಕಾಲಿಗೂ ಹತ್ತೀತೆ? ಕೊನೆಗೆ 1908ರಲ್ಲಿ ಲೂಯಿವಿಲ್ ಸಮ್ಮೇಳನ ವಯಸ್ಸಿಗೆ ತಕ್ಕ ಪಾಠಕ್ಕೂ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಎರಡೂ ಪಂಥ ನಡೆದುಕೊಂಡು ಬಂದಿವೆ. ನನಗನ್ನಿಸೋದು, ವಿಷಯ ಎಲ್ಲರಿಗೂ ಒಂದೇ ಇರಬಹುದು, ಪಾಠ ಒಂದೇ ಇರಬೇಕಾಗಿಲ್ಲ. ಸಾರು ಒಂದೇ ಪಾತ್ರೆಯದ್ದು, ಮಗುವಿಗೆ ತಿಳಿ ಬಡಿಸುತ್ತೀವಿ, ಅಷ್ಟೇ.

ಕಲಾಸಿಪಾಳ್ಯದ ನೆರೆಯವನು

ಇದು ಚೆನ್ನಾಗಿ ಕೂಡಿಬಂದಾಗ ಹೇಗಿರುತ್ತೆ ಅಂತ ತಿಳಿಯೋದಕ್ಕೆ ಒಂದು ಉದಾಹರಣೆ ಹೆಣೆಯೋಣ. ಆ ಭಾನುವಾರದ ವಿಷಯ "ನೆರೆಯವನು" ಅಂತ ಇಟ್ಟುಕೊಳ್ಳಿ.

ಮೊದಲ ಪಾಠಕ್ಕೆ ಯಾಜಕಕಾಂಡದ 19ನೇ ಅಧ್ಯಾಯ. ನಿನ್ನಂತೆಯೇ ನೆರೆಯವನನ್ನು ಪ್ರೀತಿಸಬೇಕು ಅನ್ನೋ ಮಾತು ಇರೋದು ಇಲ್ಲೇ. ಅದರ ಅಕ್ಕಪಕ್ಕ ಏನಿದೆ ನೋಡಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತಿದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೆ ಬಿಡು ಅಂತಿದೆ. ತಕ್ಕಡಿ, ಬೊಟ್ಟು, ಅಳತೆ ನ್ಯಾಯವಾಗಿರಲಿ ಅಂತಿದೆ. ಮಂಡಿಯ ಬೀದಿಯಿಂದ ಬಂದವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಾಟಾದ ಮುಂದೆ ನಿಂತವನಿಗೂ ಮೂಟೆ ಹೊತ್ತವನಿಗೂ ಇದು ಒಟ್ಟಿಗೇ ತಾಗುತ್ತೆ.

ಎರಡನೆಯದು ಯಾಕೋಬನ ಪತ್ರಿಕೆ, 2ನೇ ಅಧ್ಯಾಯ. ಚಿನ್ನದುಂಗುರದವನಿಗೆ ಒಳ್ಳೆಯ ಕುರ್ಚಿ ಕೊಟ್ಟು ಕೊಳೆ ಬಟ್ಟೆಯವನಿಗೆ ಅಲ್ಲೇ ನಿಲ್ಲು ಅನ್ನುವ ಸಭೆಗೆ ಬೈಗುಳ. ಹಸಿದವನಿಗೆ ಬರಿಯ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಬಂತು ಅನ್ನೋ ಪ್ರಶ್ನೆ.

ಆಮೇಲೆ ಸುವಾರ್ತೆ, ಲೂಕನ 10ನೇ ಅಧ್ಯಾಯ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಕಿದ್ದಾರೆ. ಯಾಜಕ ನೋಡಿ ಆಚೆ ಬದಿಯಿಂದ ಹೋದ. ಲೇವಿಯೂ ಹಾಗೇ ಹೋದ. ಜಾತಿ ಕೀಳೆಂದು ದೂರ ಇಟ್ಟಿದ್ದ ಸಮಾರ್ಯದವನು ನಿಂತ. ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆತಂದ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟ. ಒಂದು ನಾಣ್ಯ ಆಗ ಒಂದು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ವಾಪಸ್ಸು ಬರುವಾಗ ಕೊಡ್ತೀನಿ ಅಂದ. ಪ್ರಸಂಗಗಳಲ್ಲಿ ಸಮಾರ್ಯದವನನ್ನು ಹೊಗಳಿ ಮುಗಿಸುತ್ತಾರೆ. ನನಗೆ ಮಾತ್ರ ಆ ಛತ್ರದವನ ಮೇಲೂ ಕಣ್ಣು. ಗುರುತು ಪರಿಚಯ ಇಲ್ಲದವನ ಬಾಯಿ ಮಾತಿನ ಮೇಲೆ, ರಕ್ತ ಸುರಿಯುವವನಿಗೆ ರೂಮು ಕೊಟ್ಟನಲ್ಲ! ಬಸ್ ಸ್ಟ್ಯಾಂಡ್ ಸುತ್ತಮುತ್ತ ಲಾಡ್ಜ್ ನಡೆಸುವವರನ್ನು ಕೇಳಿ, ಅದು ಎಷ್ಟು ಕಷ್ಟದ ಮಾತು ಅಂತ ಹೇಳುತ್ತಾರೆ.

ಈ ಮೂರು ಪಾಠ ಆದ ಮೇಲೆ ಹಾಡು ಅದಕ್ಕೆ ಹೊಂದಬೇಕು. ಪ್ರಾರ್ಥನೆಯಲ್ಲಿ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಲಗಿರುವವರ ನೆನಪು ಬರಬೇಕು. ಹಿಂದುಗಡೆ ಕೋಣೆಯಲ್ಲಿ ಮಕ್ಕಳು ಕತ್ತೆಯ ಮೇಲೆ ಕೂತ ಗಾಯಾಳುವಿನ ಚಿತ್ರ ಬರೆಯಬೇಕು. ಆಗ ಬಸ್ಸಿನಲ್ಲಿ ಮಗು ಕೇಳುತ್ತೆ, "ಅಮ್ಮಾ, ಅಯ್ಯನವರೂ ನಮ್ಮ ಕಥೇನೇ ಹೇಳಿದ್ರಾ?" ಅಮ್ಮನಿಗೆ ಉತ್ತರ ಗೊತ್ತಿರುತ್ತೆ.

ಚಾಮರಾಜಪೇಟೆಯ ರಾಮೋತ್ಸವಕ್ಕೆ ಹೋದವರಿಗೆ ಇದು ಹೊಸದಲ್ಲ. 1939ರಿಂದ ಅಲ್ಲಿ ಕಚೇರಿ ಕೇಳಿದ ಜನ ನಾವು. ಗಾಯಕರು ಎಲ್ಲೆಲ್ಲಿ ಸುತ್ತಿದರೂ ಪಲ್ಲವಿಗೆ ಬಂದು ನಿಲ್ಲದಿದ್ದರೆ ನಮಗೆ ಸಮಾಧಾನ ಇಲ್ಲ.

ಬೋರ್ಡು ಒಂದು, ಬಸ್ಸು ಇನ್ನೊಂದು

ಈಗ ಕೆಡುವ ಬಗೆ ಹೇಳಬೇಕು. ನಾನು ಕೂತು ಕೇಳಿದ ಒಂದು ಆರಾಧನೆ, ಯಾವ ಚರ್ಚು ಅನ್ನೋದು ಬೇಡ, ಕರಪತ್ರದಲ್ಲಿ ವಿಷಯ ಚೆನ್ನಾಗಿ ಅಚ್ಚಾಗಿತ್ತು. ಪ್ರಸಂಗಿಗಳು ಅದನ್ನು ಒಂದು ಸಲ ಓದಿದರು. ಆಮೇಲೆ ನಲವತ್ತು ನಿಮಿಷ ತಮಗೆ ಬೇಕಾದ ಊರಿಗೆ ಹೋದರು. ಗಾಯಕರು ಕಲಿತಿದ್ದ ಹಾಡು ಕ್ರಿಸ್ಮಸ್ಸಿನದ್ದು. ಮಕ್ಕಳಿಗೆ ಹೇಳಿಕೊಟ್ಟದ್ದು ನೋಹನ ನಾವೆ. ಬೋರ್ಡು ಆನೇಕಲ್ಲಿಂದು, ಬಸ್ಸು ಹೋದದ್ದು ಕನಕಪುರಕ್ಕೆ! ಇಂಥ ಕಡೆ ವಿಷಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. ಹಾಡು ಆರಿಸುವವರು ಒಬ್ಬರು, ಸಂಡೇ ಸ್ಕೂಲ್ ನೋಡಿಕೊಳ್ಳುವವರು ಇನ್ನೊಬ್ಬರು, ಪ್ರಸಂಗಕ್ಕೆ ಬರುವವರು ಮೂರನೆಯವರು. ವಾರದ ಮಧ್ಯೆ ಈ ಮೂವರೂ ಒಂದು ಅರ್ಧ ಗಂಟೆ ಒಂದು ಕಡೆ ಕೂರದಿದ್ದರೆ ಆಲ್ಮನಾಕ್ ಗೋಡೆಯ ಮೇಲೆ ತೂಗಾಡುತ್ತಿರುತ್ತೆ, ಅಷ್ಟೇ.

ಇದರ ಎದುರಿನ ತಪ್ಪೂ ಇದೆ. ವಿಷಯವನ್ನು ಮೊಳೆಯಂತೆ ಹೊಡೆದು ಬೈಬಲಿನ ಮಾತನ್ನೆಲ್ಲ ಅದಕ್ಕೇ ನೇತುಹಾಕೋದು. ಪಾಠ ಏನೋ ಹೇಳುತ್ತಿರುತ್ತೆ, ಪ್ರಸಂಗಿಗಳು ಅದರ ಕಿವಿ ಹಿಂಡಿ ವಿಷಯಕ್ಕೆ ತಂದು ಕಟ್ಟುತ್ತಾರೆ. ಕ್ಯಾಥೊಲಿಕ್ಕರು ಈ ಅಪಾಯ ಕಂಡು ಬೇರೆ ದಾರಿ ಹಿಡಿದರು. ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಬಂದ ಅವರ ಪಾಠಪಟ್ಟಿ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಸಾಮಾನ್ಯ ಭಾನುವಾರಗಳಲ್ಲಿ ಹಳೇ ಒಡಂಬಡಿಕೆಯ ಪಾಠವನ್ನು ಸುವಾರ್ತೆಗೆ ಜೋಡಿಸುತ್ತಾರೆ. ನಡುವಿನ ಪತ್ರಿಕೆ ಮಾತ್ರ ವಾರದಿಂದ ವಾರಕ್ಕೆ ತನ್ನ ಪಾಡಿಗೆ ತಾನು ಮುಂದುವರಿಯುತ್ತೆ. ಎಲ್ಲವನ್ನೂ ಒಂದೇ ವಿಷಯಕ್ಕೆ ಕಟ್ಟಬಾರದು ಅಂತ ಬೇಕೆಂದೇ ಮಾಡಿದ್ದು. ಇದರಲ್ಲಿ ವಿವೇಕ ಇದೆ. ಆದರೆ ಮೂಟೆ ಇಳಿಸಿ, ನಿದ್ದೆಗೆಟ್ಟು, ಆರಾಧನೆಗೆ ಬಂದವನ ಕಡೆಯಿಂದ ನೋಡಿದರೆ ನನ್ನ ಓಟು ಒಂದು ವಿಷಯದ ಕಡೆಗೇ.

ಇನ್ನೊಂದು ತೊಡಕು. ವಿಷಯ ಗೊತ್ತಾಗೋದು ವರ್ಷ ಮೊದಲೇ, ಚೆನ್ನೈಯಲ್ಲಿ ಕೂತವರಿಂದ. ಶನಿವಾರ ರಾತ್ರಿ ಇಲ್ಲೇ ಬೀದಿಯಲ್ಲಿ ಬೆಂಕಿ ಬಿದ್ದರೆ? ಸಭೆಯವನೊಬ್ಬ ಲಾರಿ ಅಪಘಾತದಲ್ಲಿ ಹೋದರೆ? ಭಾನುವಾರ ಆಲ್ಮನಾಕಿನ ವಿಷಯ ಹಿಡಿದು ಮಾತಾಡುವ ಪಾದ್ರಿಯನ್ನು ಯಾರು ಕೇಳುತ್ತಾರೆ? ತಿಳಿದವರು ಆ ದಿನ ಆಲ್ಮನಾಕ್ ಮಡಿಸಿ ಇಡುತ್ತಾರೆ.

ಮೂರು ಗಂಟೆ, ಏಳು ಮಾತು

ಒಂದೇ ವಿಷಯ ಎಷ್ಟು ದೂರ ಎಳೆಯಬಹುದು ಅನ್ನೋದಕ್ಕೆ ಶುಭ ಶುಕ್ರವಾರ ನೋಡಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಈ ಪದ್ಧತಿ ಹುಟ್ಟಿದ್ದು ಹದಿನೇಳನೇ ಶತಮಾನದ ಕೊನೆಯಲ್ಲಿ, ಪೆರು ದೇಶದ ಲಿಮಾ ಊರಿನ ಜೆಸ್ವಿಟ್ ಪಾದ್ರಿಗಳಿಂದ. ಕ್ಯಾಥೊಲಿಕ್ಕರದ್ದನ್ನು ಆಮೇಲೆ ಪ್ರಾಟೆಸ್ಟೆಂಟರು ಎತ್ತಿಕೊಂಡರು. ಈಗ ಸಿ.ಎಸ್.ಐ. ಚರ್ಚುಗಳಲ್ಲಿ ಅದಿಲ್ಲದೆ ಶುಭ ಶುಕ್ರವಾರ ಇಲ್ಲ.

ಬೇಸಿಗೆ ಬಿಸಿಲು, ಫ್ಯಾನಿನ ಗಾಳಿ ಸಾಲದು, ಮಕ್ಕಳು ನೀರಿಗೆ ಓಡುತ್ತವೆ. ಏಳು ಮಾತಿಗೆ ಏಳು ಜನ ಬಂದರಂತೂ ಬ್ಯಾಂಕಿನವರು ಒಬ್ಬರು, ಟೀಚರಮ್ಮ ಒಬ್ಬರು, ಕಾಲೇಜು ಹುಡುಗ ಒಬ್ಬ. ಒಬ್ಬರು ಎಡವುತ್ತಾರೆ, ಒಬ್ಬರು ಅಳಿಸುತ್ತಾರೆ. ಆದರೆ ಐದನೆಯ ಮಾತು ಬರುವ ಹೊತ್ತಿಗೆ, ಅದು ಬಾಯಾರಿಕೆಯ ಮಾತು, ಯಾರೂ ಏನೂ ವಿವರಿಸದೆ ಜನಕ್ಕೆ ಅರ್ಥವಾಗಿರುತ್ತೆ. ಅವರ ಗಂಟಲೂ ಒಣಗಿರುತ್ತೆ.

ಇನ್ನು ಸುಗ್ಗಿ ಹಬ್ಬದ ಭಾನುವಾರ. ಬೆಂಗಳೂರಿನ ಸಭೆಗೆ ಹೊಲ ಎಲ್ಲಿದೆ, ಸುಗ್ಗಿ ಎಲ್ಲಿದೆ? ಎಲ್ಲಾ ಬರೋದು ಮಾರ್ಕೆಟ್ಟಿನಿಂದ. ಹಿಂದಿನ ಸಂಜೆ ಕುಂಬಳಕಾಯಿ, ಬಾಳೆಗೊನೆ, ಕಬ್ಬಿನ ಜಲ್ಲೆ ಕೊಂಡು ಆಟೋದಲ್ಲಿ ಹಾಕಿಕೊಂಡು ಹೋಗುತ್ತಾರೆ. ವೇದಿಕೆಯ ಸುತ್ತ ಜೋಡಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಆ ಭಾನುವಾರ ವಿಷಯ ಏನು ಅಂತ ಯಾರೂ ಯಾರನ್ನೂ ಕೇಳೋದಿಲ್ಲ. ಬೆಳಿಗ್ಗೆ ಮಂಡಿಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡಿದವರೇ ಇಲ್ಲಿ ಕುಂಬಳಕಾಯಿಗೆ ಅದರ ಹತ್ತರಷ್ಟು ಕೂಗುತ್ತಾರೆ. ಕೊಂಡವರು ಅದನ್ನು ಅಲ್ಲೇ ವಾಪಸ್ಸು ಕೊಟ್ಟು ಮತ್ತೆ ಹರಾಜಿಗೆ ಹಾಕಿ ಅನ್ನೋದೂ ಉಂಟು. ಒಂದೇ ಕುಂಬಳಕಾಯಿ ಮೂರು ಸಲ ಮಾರಾಟವಾಗಿ, ಮಧ್ಯಾಹ್ನದ ಬಸ್ಸಿನಲ್ಲಿ ಯಾರದ್ದೋ ತೊಡೆಯ ಮೇಲೆ ಕೂತು, ತಾನು ಬಂದ ಕಲಾಸಿಪಾಳ್ಯದ ದಾರಿಯಲ್ಲೇ ಮನೆಗೆ ಹೋಗುತ್ತೆ.